ಏಳು, ನಾಲ್ಕು, ಎರಡು

ಸಪ್ಪಲಮ್ಮನ ಫೋನು ಬಂದಾಗ ಚೂಡಾಮಣಿ ಯಾರದೋ ಹಳೇ ರೇಡಿಯೋ ಬಿಚ್ಚಿಕೊಂಡು ಕೂತಿದ್ದಳು. ಬುಧವಾರ. ಸಂಜೆ ಐದೂಕಾಲು.

"ಚೂಡಾ, ಬೇಗ ಬಾ. ಭಾರ್ಗವ ಬಿದ್ದವ್ನೆ. ಕರೆಂಟ್ ಹೊಡ್ದಂಗದೆ. ಮುಟ್ಟಕ್ಕೆ ಭಯ ಆಯ್ತದೆ ಕಣೆ."

ಚೂಡಾಮಣಿ ರಬ್ಬರ್ ಗ್ಲೌಸು, ಟೆಸ್ಟರು ಹಿಡಿದು ಓಡಿದಳು. ಅರವತ್ತೊಂದು ವರ್ಷದವಳ ಓಟ ಎಷ್ಟಿದ್ದೀತು. ಆದರೂ ಬನಶಂಕರಿ ಎರಡನೇ ಹಂತದ ಆ ಎರಡು ಅಡ್ಡರಸ್ತೆಗಳನ್ನು ಮೂರೇ ನಿಮಿಷದಲ್ಲಿ ದಾಟಿದಳು. ಏರಿಯಾದಲ್ಲಿ ಕರೆಂಟಿನ ವಿಷಯ ಏನಾದರೂ ಆದರೆ ಜನ ಮೊದಲು ಕರೆಯುವುದು ಅವಳನ್ನೇ. ಟೆಲಿಫೋನ್ ಕಾರ್ಖಾನೆಯಲ್ಲಿ ಇಪ್ಪತ್ತೆಂಟು ವರ್ಷ ದುಡಿದು ಹೊರಬಂದ ಮೇಲೆ ಅವಳು ರಿಪೇರಿ ಅಂಗಡಿ ಇಟ್ಟಿದ್ದಳು. ಮಿಕ್ಸಿಯಿಂದ ಹಿಡಿದು ಆರ್ಕೆಸ್ಟ್ರಾದವರ ಆಂಪ್ಲಿಫೈಯರ್ ತನಕ ಎಲ್ಲವೂ ಅಲ್ಲಿಗೇ ಬರುತ್ತಿದ್ದವು.

ಸಪ್ಪಲಮ್ಮನ ಮನೆಯ ಕೆಳಗೊಂದು ನೆಲಮಾಳಿಗೆ ಇತ್ತು. ಕಾರು ನಿಲ್ಲಿಸಲೆಂದು ಕಟ್ಟಿಸಿದ್ದು. ಕಾರು ಬರಲೇ ಇಲ್ಲ, ಆರ್ಕೆಸ್ಟ್ರಾ ಬಂತು. ಮದುವೆ, ಗಣೇಶನ ಹಬ್ಬ, ರಾಜ್ಯೋತ್ಸವ ಅಂತ ಮೂವತ್ತೊಂದು ವರ್ಷದಿಂದ ಓಡಾಡಿಕೊಂಡಿದ್ದ ತಂಡ. ಅವರ ಪ್ರಾಕ್ಟೀಸು ನಡೆಯುತ್ತಿದ್ದದ್ದು ಅಲ್ಲೇ.

ಬಾಗಿಲು ತೆರೆದಿತ್ತು. ಭಾರ್ಗವ ಅಂಗಾತ ಬಿದ್ದಿದ್ದ. ಬೇಸ್ ಗಿಟಾರು ಹೊಟ್ಟೆಯ ಮೇಲಿತ್ತು. ತಲೆಯ ಹಿಂಭಾಗ ಸ್ಪೀಕರ್ ಪೆಟ್ಟಿಗೆಯ ಕಬ್ಬಿಣದ ಮೂಲೆಗೆ ಆತುಕೊಂಡಿತ್ತು. ನೆಲದ ಮೇಲಿನ ರಕ್ತ ಆಗಲೇ ಕಪ್ಪಾಗಿತ್ತು. ಪೆಟ್ಟಿಗೆಯ ಮೇಲಿದ್ದ ಪುಟ್ಟ ಆಂಪಿನ ನೀಲಿ ದೀಪ ಮಾತ್ರ ಏನೂ ಆಗಿಲ್ಲವೆಂಬಂತೆ ಉರಿಯುತ್ತಿತ್ತು.

ಅವಳು ಒಳಗೆ ಕಾಲಿಡಲಿಲ್ಲ. ಹೊರಗಿನ ಮೀಟರ್ ಬೋರ್ಡಿಗೆ ಹೋಗಿ ಮೇನ್ ಸ್ವಿಚ್ ಇಳಿಸಿದಳು. ಮೊಬೈಲಿನ ಬೆಳಕು ಹಿಡಿದು ಬಂದು ಭಾರ್ಗವನ ಕುತ್ತಿಗೆ ಮುಟ್ಟಿ ನೋಡಿದಳು. ತಣ್ಣಗಿತ್ತು.

ನಿನ್ನೆ ಇದೇ ಹೊತ್ತಿಗೆ ಅಂಗಡಿಯ ಮುಂದೆ ಸ್ಕೂಟರ್ ನಿಲ್ಲಿಸಿ, "ಆಂಟಿ, ರೆಡಿನಾ?" ಅಂತ ನಗುತ್ತ ಬಂದವನು. ಮೂವತ್ತನಾಲ್ಕು ವರ್ಷ. ಜಯನಗರದಲ್ಲಿ ಹೆಂಡತಿ ಉಮಾಶ್ರೀ ಕಾಯುತ್ತಿರುತ್ತಾಳೆ.

ಆಮೇಲೆ ಅವಳ ಕಣ್ಣು ಮತ್ತೆ ಆ ಪುಟ್ಟ ಆಂಪಿನ ಕಡೆ ಹೋಯಿತು. ಅದು ಅವಳ ಕೈಯಿಂದಲೇ ರಿಪೇರಿಯಾಗಿ ಹೋಗಿದ್ದ ಆಂಪು. ಅದರಲ್ಲಿ ಕೆಟ್ಟಿದ್ದದ್ದು ಅರ್ತ್ ವೈರು.

*

ಗುರುವಾರ ಬೆಳಿಗ್ಗೆ ಸಬ್ ಇನ್ಸ್‌ಪೆಕ್ಟರ್ ಚನ್ನವೀರ ಅಂಗಡಿಗೆ ಬಂದ. ಬಾಗಲಕೋಟೆ ಕಡೆಯವನು, ಬೆಂಗಳೂರಿಗೆ ಬಂದು ಎರಡು ವರ್ಷ. ಮಾತು ಕಮ್ಮಿ, ಬರೆದುಕೊಳ್ಳುವುದು ಜಾಸ್ತಿ.

"ನಿಮ್ಮ ಮ್ಯಾಲೆ ಸಂಶಯ ಅಂತ ಬಂದಿಲ್ರಿ ಮೇಡಂ. ಆದ್ರ ಕೇಳಬೇಕಾಗ್ತದ. ಆ ಆಂಪ್ ರಿಪೇರಿ ಮಾಡಿದ್ದು ನೀವ?"

"ನಾನೇ."

"ಅರ್ತ್ ಸರಿ ಇರಲಿಲ್ಲ ಅಂದ್ರ ಗಿಟಾರ್ ತಂತಿ ಮುಟ್ಟಿದಾಗ ಕರೆಂಟ್ ಹೊಡೀತದ, ಹೌದಿಲ್ಲೋ?"

"ಹೊಡೆಯುತ್ತೆ."

"ಸರಿ ಮಾಡಿದ್ರಿ?"

ಮಾಡಿದ್ದೆ ಅನ್ನಲು ಬಾಯಿ ತೆರೆದಳು. ಹೆಬ್ಬೆರಳನ್ನು ಉಜ್ಜಿಕೊಂಡಳು. ಕಳೆದೊಂದು ವರ್ಷದಿಂದ ಅವಳ ಬಲಗೈ ಹೆಬ್ಬೆರಳು ಮರಗಟ್ಟುತ್ತಿತ್ತು. ಸ್ಕ್ರೂ ಬಿಗಿಯಾಯಿತೋ ಇಲ್ಲವೋ ಎಂಬುದು ಕೆಲವು ದಿನ ಬೆರಳಿಗೆ ತಿಳಿಯುತ್ತಲೇ ಇರಲಿಲ್ಲ. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಮಾಡಿದ್ದೇನೆ ಅನ್ನಿಸುತ್ತೆ ಅಂತಷ್ಟೇ ಹೇಳಿದಳು. ಚನ್ನವೀರ ಅದನ್ನೂ ಬರೆದುಕೊಂಡ.

ಭಾರ್ಗವ ಯಾಕೆ ಹೊಸ ಆಂಪು ತಗೊಂಡ, ಹಳೆಯದು ಇರಲಿಲ್ಲವೇ ಅಂತ ಅವನು ಕೇಳಿದ. ಚೂಡಾಮಣಿ ಮೊದಲಿನಿಂದ ಹೇಳಬೇಕಾಯಿತು.

ಬೇಸ್ ಗಿಟಾರ್ ನುಡಿಸುವವರಲ್ಲಿ ಎರಡು ಪಂಗಡ. ಒಂದು ಕಾಂಬೊದವರದು. ಅದರಲ್ಲಿ ಆಂಪು, ಸ್ಪೀಕರು ಎರಡೂ ಒಂದೇ ಪೆಟ್ಟಿಗೆಯೊಳಗಿರುತ್ತವೆ. ಗಿಟಾರಿನಿಂದ ಒಂದು ವೈರು ಚುಚ್ಚಿದರೆ ಮುಗಿಯಿತು, ತಲೆನೋವಿಲ್ಲ. ಆದರೆ ಎತ್ತುವವನ ಸೊಂಟ ಹೋಗುತ್ತದೆ, ಒಳಗೆ ಒಂದು ಕೆಟ್ಟರೆ ಇಡೀ ಪೆಟ್ಟಿಗೆ ರಿಪೇರಿಗೆ ಬರುತ್ತದೆ. ಇನ್ನೊಂದು ಬಿಡಿ ಸೆಟ್ಟಿನವರದು. ಆಂಪು ಬೇರೆ, ಅದಕ್ಕೆ ಹೆಡ್ ಅನ್ನುತ್ತಾರೆ. ಸ್ಪೀಕರ್ ಪೆಟ್ಟಿಗೆ ಬೇರೆ, ಅದು ಕ್ಯಾಬಿನೆಟ್ಟು. ಹೆಡ್ಡನ್ನು ಹೆಗಲ ಚೀಲಕ್ಕೆ ಹಾಕಿಕೊಳ್ಳಬಹುದು, ಕ್ಯಾಬಿನೆಟ್ಟನ್ನು ಚಕ್ರದ ಮೇಲೆ ಎಳೆಯಬಹುದು. ಆದರೆ ಎರಡನ್ನೂ ಕೂಡಿಸಲು ಇನ್ನೊಂದು ವೈರು ಬೇಕು. ಜೋಡಿಸುವುದು ಗೊತ್ತಿರಬೇಕು.

ತಂಡದ ಹಿರಿಯ ಬೇಸ್ ವಾದಕ ಸೇತುರಾಮ್ ಮೂವತ್ತೊಂದು ವರ್ಷ ಒಂದೇ ಕಾಂಬೊದಲ್ಲಿ ನುಡಿಸಿದವರು. ಬಿಡಿ ಸೆಟ್ಟನ್ನು ಕಂಡರೆ "ಪಾಲಾದ ಮನೆ" ಅಂತ ಗೇಲಿ ಮಾಡುತ್ತಿದ್ದರು. ಎರಡು ತಿಂಗಳ ಹಿಂದೆ ಒಂದು ಮದುವೆ ಛತ್ರದ ಮೆಟ್ಟಿಲ ಮೇಲೆ ಆ ಕಾಂಬೊ ಎತ್ತಲು ಹೋಗಿ ಬಿದ್ದು ಸೊಂಟಕ್ಕೆ ಬಲವಾಗಿ ಪೆಟ್ಟು ಮಾಡಿಕೊಂಡರು. ಅವರ ಜಾಗಕ್ಕೆ ಬಂದವನು ಅವರ ಶಿಷ್ಯ ಭಾರ್ಗವ. ಅವನದೂ ಕಾಂಬೊವೇ, ಆದರೆ ಸಣ್ಣದು. ಹೋದ ತಿಂಗಳು ಇದ್ದಕ್ಕಿದ್ದಂತೆ ಬಿಡಿ ಸೆಟ್ಟು ತಗೊಳ್ತೀನಿ ಅಂತ ಅವಳ ಮುಂದೆ ಕೂತ. ಯಾವುದು ಒಳ್ಳೇದು, ಯಾವುದು ಹಗುರ ಅಂತ ಒಂದು ಗಂಟೆ ಕೊರೆದ. ಸೆಕೆಂಡ್ ಹ್ಯಾಂಡಿನಲ್ಲಿ ತಂದ ಹೆಡ್ಡಿನ ಅರ್ತ್ ಕೆಟ್ಟಿತ್ತು, ಅದನ್ನು ಸರಿಮಾಡಲು ಕೊಟ್ಟ.

"ಬ್ಯಾರೆ ಏನರ ಮಾಡಿಸಿದ್ನ?"

ಮಾಡಿಸಿದ್ದ. ಕ್ಯಾಬಿನೆಟ್ಟಿಗೆ ಉದ್ದನೆಯ ಹಿಡಿ ಹಾಕಿಸಿ ಅಂದಿದ್ದ, ಸೂಟ್‌ಕೇಸಿಗೆ ಇರುತ್ತದಲ್ಲ, ಹಾಗೆ. ಹೆಡ್ಡಿನ ಮೇಲೆ ಬೇಸ್, ಮಿಡ್, ಟ್ರೆಬಲ್ ಅಂತ ಮೂರು ತಿರುಪುಗಳಿದ್ದವು. ಎಲ್ಲಿಗೆ ತಿರುಗಿಸಬೇಕೋ ಅಲ್ಲಿ ದೊಡ್ಡದಾಗಿ ಬಿಳೀ ಬಣ್ಣದ ಚುಕ್ಕೆ ಇಡಿ ಅಂತ ಪೆನ್ಸಿಲಿನಲ್ಲಿ ಗುರುತು ಹಾಕಿಕೊಟ್ಟಿದ್ದ. ಮೂವತ್ತನಾಲ್ಕಕ್ಕೇ ಕಣ್ಣು ಹೋಯ್ತೇನೋ ಅಂತ ಅವಳು ರೇಗಿಸಿದ್ದಳು. ನಕ್ಕು ಸುಮ್ಮನಾಗಿದ್ದ.

ಚನ್ನವೀರ ಎದ್ದ. ಸರ್ಕಾರಿ ಎಲೆಕ್ಟ್ರಿಕಲ್ ಇನ್ಸ್‌ಪೆಕ್ಟರ ವರದಿ ಬರುವ ತನಕ ಊರು ಬಿಡಬೇಡಿ ಅಂದು ಹೊರಟ.

ಹನ್ನೊಂದರ ಹೊತ್ತಿಗೆ ಗಿರಿನಗರದಿಂದ ಆಟೋದಲ್ಲಿ ಸೇತುರಾಮ್ ಬಂದರು. ಸೊಂಟಕ್ಕೆ ಬೆಲ್ಟು, ಕೈಯಲ್ಲಿ ಕೋಲು. ಮುಖ ಬಾಡಿಹೋಗಿತ್ತು. ಹುಡುಗನಾಗಿದ್ದಾಗಿನಿಂದ ಕೈಹಿಡಿದು ಕಲಿಸಿದ ಶಿಷ್ಯ ಹೋದ ಅಂತ ಕಣ್ಣೊರೆಸಿಕೊಂಡರು. ತಾನು ಆ ನೆಲಮಾಳಿಗೆಯ ಮೆಟ್ಟಿಲಿಳಿದು ಎರಡು ತಿಂಗಳಾಯಿತು, ಇಳಿದಿದ್ದರೆ ಇದಾಗುತ್ತಿರಲಿಲ್ಲವೇನೋ ಅಂದರು. ಆಮೇಲೆ ಚೂಡಾಮಣಿಯ ಭುಜ ತಟ್ಟಿದರು.

"ನಿಮ್ಮನ್ನ ನೀವು ಬೈಕೋಬೇಡಿ ಚೂಡಾ. ವಯಸ್ಸಾಯ್ತು. ಕೈ ಜಾರುತ್ತೆ. ಯಾರಿಗೂ ಆಗಬಹುದು."

ಅವರು ಸಮಾಧಾನಕ್ಕೆ ಹೇಳಿದ್ದು ಅಂತ ಅವಳಿಗೂ ಗೊತ್ತಿತ್ತು. ಆದರೆ ಆ ಮಾತು ಕೇಳಿದ ಮೇಲೆ ಅವಳಿಗೆ ಕೂರಲೂ ಆಗಲಿಲ್ಲ, ನಿಲ್ಲಲೂ ಆಗಲಿಲ್ಲ. ಈ ಕೈ ಒಬ್ಬನನ್ನು ಕೊಂದಿದೆಯೋ ಇಲ್ಲವೋ ಎಂಬುದು ಗೊತ್ತಾಗಬೇಕಿತ್ತು. ಕೊಂದಿದ್ದರೆ ಇವತ್ತೇ ಅಂಗಡಿಯ ಬಾಗಿಲು ಹಾಕುವುದು ಅಂತ ತೀರ್ಮಾನಿಸಿ, ಬೀಗ ಜಡಿದು, ಸೀದಾ ಸ್ಟೇಷನ್ನಿಗೆ ನಡೆದಳು.

*

"ನೀವ ಬಿಚ್ಚಂಗಿಲ್ಲ. ಅವ್ರು ಬಿಚ್ತಾರ. ನೀವು ದೂರ ನಿಂತು ನೋಡ್ರಿ," ಅಂದ ಚನ್ನವೀರ.

ನೆಲಮಾಳಿಗೆಯಲ್ಲಿ ಎಲೆಕ್ಟ್ರಿಕಲ್ ಇನ್ಸ್‌ಪೆಕ್ಟರು ಹೆಡ್ಡಿನ ಮುಚ್ಚಳ ತೆಗೆದರು. ಕಾನ್‌ಸ್ಟೇಬಲ್ ಬಸಪ್ಪ ಮೊಬೈಲಿನಲ್ಲಿ ವಿಡಿಯೋ ಹಿಡಿದ. ಚೂಡಾಮಣಿ ಸೆರಗು ಬಿಗಿಹಿಡಿದು ನಿಂತಳು.

ಒಳಗೆ ಅರ್ತ್ ವೈರಿನ ಸ್ಕ್ರೂ ಕಂಡಿತು. ಅದರ ತಲೆಯ ಮೇಲೆ, ಅರ್ಧ ಸ್ಕ್ರೂಗೆ, ಅರ್ಧ ತಗಡಿಗೆ, ಒಂದು ಕೆಂಪು ಬೊಟ್ಟು. ಉಗುರಿಗೆ ಹಚ್ಚುವ ಬಣ್ಣ. ಕಾರ್ಖಾನೆಯಲ್ಲಿ ಕಲಿತ ಅಭ್ಯಾಸ ಅದು. ಬಿಗಿಮಾಡಿ, ಮೀಟರಿನಲ್ಲಿ ನೋಡಿ, ಸರಿ ಅಂತಾದ ಮೇಲೆಯೇ ಬೊಟ್ಟು. ಸ್ಕ್ರೂ ಕೂದಲೆಳೆಯಷ್ಟು ತಿರುಗಿದರೂ ಬಣ್ಣ ಬಿರಿಯುತ್ತದೆ. ಬಣ್ಣ ಬಿರಿದಿರಲಿಲ್ಲ. ಎಲೆಕ್ಟ್ರಿಕಲ್ ಇನ್ಸ್‌ಪೆಕ್ಟರು ಮೀಟರ್ ಹಚ್ಚಿ ನೋಡಿ ತಲೆಯಾಡಿಸಿದರು. ಅರ್ತ್ ಗಟ್ಟಿಯಾಗಿತ್ತು. ಗೋಡೆಯ ಪ್ಲಗ್ಗಿನಲ್ಲೂ ಸರಿಯಾಗಿತ್ತು.

ಚೂಡಾಮಣಿಗೆ ತಡೆಯಲಾಗಲಿಲ್ಲ. ಅಲ್ಲೇ ಡ್ರಮ್ಮಿನ ಸ್ಟೂಲಿನ ಮೇಲೆ ಕೂತು ಅತ್ತುಬಿಟ್ಟಳು.

"ಪೋಸ್ಟ್‌ಮಾರ್ಟಮ್ ಬಂದದ," ಅಂದ ಚನ್ನವೀರ ನಿಧಾನಕ್ಕೆ. "ಬೆರಳ ಮ್ಯಾಲೆ ಸುಟ್ಟ ಗಾಯ ಇಲ್ಲ. ತಲಿ ಹಿಂದ ಪೆಟ್ಟು, ಅಷ್ಟ. ಹಂಗಂದ್ರ ಕರೆಂಟ್ ಹೊಡದಿಲ್ಲ. ಮಧ್ಯಾಹ್ನ ಮೂರು, ಮೂರೂವರೆ ಸುಮಾರು."

"ಕಾಲು ಜಾರಿ ಬಿದ್ನಾ?"

"ಇರಬಹುದು. ನಿಮಗ ಏನರ ಕಾಣಸ್ತದೇನು?"

ಕಣ್ಣೊರೆಸಿಕೊಂಡು ಅವಳು ಸುತ್ತ ನೋಡಿದಳು. ನಿನ್ನೆ ಗಾಬರಿಯಲ್ಲಿ ಕಂಡಿರಲಿಲ್ಲ, ಇವತ್ತು ಕಂಡಿತು. ಹೆಡ್ಡಿಗೂ ಕ್ಯಾಬಿನೆಟ್ಟಿಗೂ ನಡುವೆ ಚುಚ್ಚಿದ್ದ ಕೇಬಲ್ಲು ತೆಳ್ಳಗಿತ್ತು. ಅದು ಗಿಟಾರಿನ ಕೇಬಲ್ಲು.

ಇದನ್ನು ಚನ್ನವೀರನಿಗೆ ಬಿಡಿಸಿ ಹೇಳಬೇಕಾಯಿತು. ಎರಡು ಕೇಬಲ್ಲುಗಳ ತುದಿಯೂ ಒಂದೇ ಥರ, ಯಾವುದನ್ನು ಎಲ್ಲಿ ಬೇಕಾದರೂ ಚುಚ್ಚಬಹುದು. ಆದರೆ ಗಿಟಾರಿನಿಂದ ಆಂಪಿಗೆ ಬರುವುದು ಪಿಸುಮಾತಿನಷ್ಟು ಕರೆಂಟು, ಅದಕ್ಕೆ ಕೂದಲಂಥ ತಂತಿ ಸಾಕು. ಹೆಡ್ಡಿನಿಂದ ಸ್ಪೀಕರಿಗೆ ಹೋಗುವುದು ಪೂರ್ತಿ ಶಕ್ತಿ. ಅಲ್ಲಿ ತೆಳು ಕೇಬಲ್ಲು ಹಾಕಿ ಜೋರಾಗಿ ನುಡಿಸಿದರೆ ಅದು ಕಾದು ಕರಗುತ್ತದೆ, ಹೆಡ್ಡು ಸುಟ್ಟರೂ ಸುಟ್ಟೀತು. ಅದಕ್ಕೆಂದೇ ದಪ್ಪ ಕೇಬಲ್ಲು ಬೇರೆ ಇದೆ. ಮಂಗಳವಾರ ಅವಳೇ ಒಂದು ಮಾಡಿಕೊಟ್ಟಿದ್ದಳು. ಇದಿಲ್ಲದೆ ಆನ್ ಮಾಡಬೇಡ ಅಂತ ಮೂರು ಸಲ ಹೇಳಿ ಅವನ ಬಾಯಲ್ಲೂ ಹೇಳಿಸಿದ್ದಳು.

"ಆ ದಪ್ಪಂದು ಎಲ್ಲೈತಿ ಈಗ?"

ಭಾರ್ಗವನ ಸ್ಕೂಟರು ಇನ್ನೂ ಗೇಟಿನ ಬಳಿಯೇ ಇತ್ತು. ಬಸಪ್ಪ ಸೀಟು ಎತ್ತಿದ. ಅವಳು ಸುತ್ತಿಕೊಟ್ಟ ಹಾಗೆಯೇ, ಬಿಳೀ ದಾರ ಕಟ್ಟಿದ್ದ ದಪ್ಪ ಕೇಬಲ್ಲು ಒಳಗಿತ್ತು.

ಭಾರ್ಗವ ಆ ಸೆಟ್ಟನ್ನು ಇನ್ನೂ ಜೋಡಿಸಿಯೇ ಇರಲಿಲ್ಲ. ಅವನು ಬಿದ್ದ ಮೇಲೆ ಇನ್ಯಾರೋ ಕೂತು ಜೋಡಿಸಿದ್ದರು. ಗಿಟಾರನ್ನು ಹೊಟ್ಟೆಯ ಮೇಲಿಟ್ಟು, ನೀಲಿ ದೀಪ ಹೊತ್ತಿಸಿ, ಬಾಗಿಲು ತೆರೆದಿಟ್ಟು ಹೋಗಿದ್ದರು. ಹೆಣದ ಪಕ್ಕದಲ್ಲಿ ಕೂತು.

*

ಚನ್ನವೀರನಿಗೆ ಅಷ್ಟರಲ್ಲಿ ಒಬ್ಬ ಸಿಕ್ಕಿಯಾಗಿತ್ತು. ಸಂಗಮೇಶ. ತಂಡದ ಡ್ರಮ್ಮರು, ಐದು ವರ್ಷದಿಂದ ತಂಡ ನಡೆಸುವವನೂ ಅವನೇ. ವಾರದ ದಿನಗಳಲ್ಲಿ ಆಫೀಸು, ಬಿಟಿಎಂ ಲೇಔಟಿನಲ್ಲಿ ಬಾಡಿಗೆ ರೂಮು. ಬುಧವಾರ ಮಧ್ಯಾಹ್ನ ಹನ್ನೆರಡಕ್ಕೆ ಭಾರ್ಗವ ಗೇಟಿನ ಬಳಿ ನಿಂತು ಫೋನಿನಲ್ಲಿ ಜಗಳವಾಡಿದ್ದನ್ನು ಸಪ್ಪಲಮ್ಮ ಕೇಳಿಸಿಕೊಂಡಿದ್ದಳು. ಆ ಕಡೆ ಇದ್ದವನು ಸಂಗಮೇಶ. ಆ ದಿನ ಅವನು ಆಫೀಸಿಗೂ ಹೋಗಿರಲಿಲ್ಲ.

ಸ್ಟೇಷನ್ನಿಗೆ ಬಂದ ಸಂಗಮೇಶ ಜಗಳವನ್ನು ಒಪ್ಪಿಕೊಂಡ. ಶನಿವಾರ ದೊಡ್ಡ ಕಾರ್ಯಕ್ರಮವಿತ್ತು. ಮೂರು ದಿನ ಇರುವಾಗ ಭಾರ್ಗವ ಫೋನ್ ಮಾಡಿ, ನಾನು ಇನ್ನು ತಂಡದಲ್ಲಿ ನುಡಿಸಲ್ಲ ಅಂದಿದ್ದ. ಬೇರೆಯವರನ್ನು ಕರ್ಕೊಂಡು ಬರ್ತೀನಿ, ಸ್ಟೇಜಿನ ಮೇಲೇ ನೋಡುವಿಯಂತೆ, ಈಗ ಹೆಸರು ಕೇಳಬೇಡ ಅಂದಿದ್ದ. ಸಂಗಮೇಶನಿಗೆ ಪಿತ್ತ ನೆತ್ತಿಗೇರಿ ಬಾಯಿಗೆ ಬಂದಂತೆ ಬೈದಿದ್ದ. ಬೈದಿದ್ದಷ್ಟೇ ಅಂದ. ಆ ದಿನ ಜ್ವರ, ರೂಮಿನಲ್ಲಿ ಮಲಗಿದ್ದೆ ಅಂದ. ಅದಕ್ಕೆ ಸಾಕ್ಷಿ ಇರಲಿಲ್ಲ.

"ಇವನ," ಅಂದ ಚನ್ನವೀರ, ಹೊರಗೆ ಬಂದು. "ಡ್ರಮ್ ಬಾರ್ಸಾವಂಗ ಕೇಬಲ್ ಫರಕ್ ಏನ್ ಗೊತ್ತಾಗ್ತದ."

ಚೂಡಾಮಣಿ ತನ್ನ ಮೊಬೈಲಿನಲ್ಲಿ ಬಸಪ್ಪ ಕಳಿಸಿದ್ದ ಫೋಟೋ ದೊಡ್ಡದು ಮಾಡಿ ನೋಡುತ್ತಿದ್ದಳು. ಬುಧವಾರ ಸಂಜೆ, ಯಾರೂ ಏನೂ ಮುಟ್ಟುವ ಮೊದಲು ತೆಗೆದದ್ದು. ಹೆಡ್ಡಿನ ವಾಲ್ಯೂಮು ಸೊನ್ನೆಯಲ್ಲಿತ್ತು.

"ಇವನಲ್ಲ ಸಾರ್," ಅಂದಳು.

"ಯಾಕ?"

"ಮಂಗಳವಾರ ನಾನು ಟೆಸ್ಟ್ ಮಾಡಿ ವಾಲ್ಯೂಮ್ ಅರ್ಧದಲ್ಲೇ ಬಿಟ್ಟು ಕೊಟ್ಟಿದ್ದೆ. ಯಾರೋ ಸೊನ್ನೆಗಿಳಿಸಿದಾರೆ. ಡ್ರಮ್ಮರ್‌ಗೆ ಆ ಬುದ್ಧಿ ಬರಲ್ಲ."

ವಾಲ್ಯೂಮ್ ಎದ್ದಿರುವಾಗ ಕೇಬಲ್ ಚುಚ್ಚಿದರೆ ಸ್ಪೀಕರು ಧಡ್ ಅಂತ ಒದೆಯುತ್ತದೆ. ವರ್ಷಗಟ್ಟಲೆ ಬೇಸ್ ನುಡಿಸಿದವನ ಕೈ ಮೊದಲು ವಾಲ್ಯೂಮ್ ಇಳಿಸಿ ಆಮೇಲೆ ಕೇಬಲ್ ಹಿಡಿಯುತ್ತದೆ. ಮನೆಗೆ ಬೆಂಕಿ ಬಿದ್ದಿದ್ದರೂ ಇಳಿಸುತ್ತದೆ. ಚಪ್ಪಲಿ ಬಿಟ್ಟು ಒಳಗೆ ಹೋಗುವಂಥ ಅಭ್ಯಾಸ ಅದು. ಅಂದರೆ ಆ ಸೆಟ್ಟು ಜೋಡಿಸಿದವನು ಬೇಸ್ ವಾದಕ. ಆದರೆ ಹೆಡ್ಡು, ಕ್ಯಾಬಿನೆಟ್ಟಿನ ನಡುವೆ ಬೇರೆ ಕೇಬಲ್ ಬೇಕೆಂಬುದೇ ಗೊತ್ತಿಲ್ಲದವನು. ಕಾಂಬೊದಲ್ಲಿ ಆ ತಂತಿ ಪೆಟ್ಟಿಗೆಯ ಒಳಗೇ ಇರುತ್ತದೆ. ಬದುಕಿಡೀ ಕಾಂಬೊ ಬಾರಿಸಿದವನು ಅದನ್ನು ಕಣ್ಣಿಂದ ಕಂಡೇ ಇರುವುದಿಲ್ಲ.

ಅಂಥವರು ಅವಳಿಗೆ ಗೊತ್ತಿದ್ದದ್ದು ಒಬ್ಬರೇ. ಹೆಸರು ಹೇಳಲು ಅವಳಿಗೆ ಮನಸ್ಸು ಬರಲಿಲ್ಲ. ಚನ್ನವೀರನೂ ಒತ್ತಾಯಿಸಲಿಲ್ಲ. ಗೋಡೆಯ ಸ್ವಿಚ್ಚಿನ ಮೇಲೆ ಒಂದು ಹೆಬ್ಬೆರಳಿನ ಗುರುತು ಸಿಕ್ಕಿದೆ, ಭಾರ್ಗವನದ್ದಲ್ಲ, ಸಂಗಮೇಶನದ್ದು ಇವತ್ತು ತಗೊಂಡು ತಾಳೆ ನೋಡ್ತೀವಿ ಅಂದ.

"ನಾಳೆ ಇವನನ್ನೂ ತಂಡದ ಹಿರಿಯರನ್ನೂ ಕರೆಸಿ ಸಾರ್. ಆ ಸೆಟ್ಟನ್ನ ಅವರ ಕೈಯಲ್ಲೇ ಜೋಡಿಸಿ ನೋಡೋಣ. ನನ್ನ ಲೆಕ್ಕ ತಪ್ಪಾಗಲಿ ಅಂತ ಕೇಳ್ಕೊಳ್ತೀನಿ."

*

ಶುಕ್ರವಾರ ಹತ್ತು ಗಂಟೆಗೆ ಅವಳು ಎಲ್ಲರಿಗಿಂತ ಮೊದಲೇ ನೆಲಮಾಳಿಗೆಗೆ ಬಂದಳು. ಬಸಪ್ಪ ಬಾಗಿಲು ತೆಗೆದುಕೊಟ್ಟ. ಮೆಟ್ಟಿಲ ಕೆಳಗೆ ಹಳೇ ಬೆಡ್‌ಶೀಟು ಹೊದ್ದು ಸೇತುರಾಮರ ಕಾಂಬೊ ಕೂತಿತ್ತು. ಮೂವತ್ತೊಂದು ವರ್ಷ ಅದರ ಜಾಗ ಡ್ರಮ್ಮಿನ ಎಡಗಡೆ. ಈಗ ಅಲ್ಲಿ ಹೊಸ ಸೆಟ್ಟಿತ್ತು. ಅವಳು ಬೆಡ್‌ಶೀಟು ಸರಿಸಿದಳು. ಅದಕ್ಕೆ ಸದಾ ಚುಚ್ಚಿರುತ್ತಿದ್ದ ಗಿಟಾರಿನ ಕೇಬಲ್ಲು ಇರಲಿಲ್ಲ. ಪ್ರತಿ ವರ್ಷ ಗಣೇಶನ ಹಬ್ಬಕ್ಕೆ ಮೊದಲು ಈ ಪೆಟ್ಟಿಗೆಯ ತಿರುಪುಗಳನ್ನು ತೊಳೆದು, ಸೇತುರಾಮ್ ಹೇಳಿದ ಜಾಗಕ್ಕೇ ತಿರುಗಿಸಿ ಕೊಡುವವಳು ಅವಳೇ. ಬೇಸ್ ಏಳು. ಮಿಡ್ ನಾಲ್ಕು. ಟ್ರೆಬಲ್ ಎರಡು.

ಅವಳು ಹೊಸ ಹೆಡ್ಡಿನ ಕಡೆ ತಿರುಗಿದಳು. ತಾನೇ ಇಟ್ಟ ಬಿಳೀ ಚುಕ್ಕೆಗಳು. ಏಳು. ನಾಲ್ಕು. ಎರಡು.

ಭಾರ್ಗವ ಯಾವತ್ತೂ ಹಾಗೆ ನುಡಿಸುತ್ತಿರಲಿಲ್ಲ. ಅವನಿಗೆ ಬೇಕಿದ್ದದ್ದು ಟ್ರೆಬಲ್ಲು, ಠಣಠಣ ಅನ್ನುವ ಸದ್ದು. ಉದ್ದನೆಯ ಹಿಡಿ. ಕಣ್ಣು ಮಂಜಾದವರಿಗೂ ಕಾಣುವ ದೊಡ್ಡ ಚುಕ್ಕೆ. ಎಷ್ಟು ಹಗುರ, ಎಷ್ಟು ಹಗುರ ಅಂತ ಅವತ್ತು ಒಂದು ಗಂಟೆ ಕೊರೆದದ್ದು. ಸ್ಟೇಜಿನ ಮೇಲೇ ನೋಡುವಿಯಂತೆ ಅಂದದ್ದು.

ಹೊರಗೆ ಆಟೋ ನಿಂತ ಸದ್ದಾಯಿತು. ಕೋಲಿನ ಸದ್ದು ಒಂದೊಂದೇ ಮೆಟ್ಟಿಲಿಳಿದು ಬಂತು. ದೇವರೇ, ಅವರು ದಪ್ಪ ಕೇಬಲ್ಲನ್ನೇ ತಗೊಳ್ಳಲಿ ಅಂತ ಅವಳು ಬೇಡಿಕೊಂಡಳು.

*

ಮೇಜಿನ ಮೇಲೆ ಎರಡು ಕಪ್ಪು ಕೇಬಲ್ಲುಗಳಿದ್ದವು, ದಪ್ಪದ್ದು ಮುಂದೆ. ಹೆಡ್ಡಿನ ವಾಲ್ಯೂಮು ಅರ್ಧಕ್ಕೆ ತಿರುಗಿತ್ತು. ಈ ಸೆಟ್ಟನ್ನು ಹೇಗೆ ಜೋಡಿಸುತ್ತಾರೆ ಅಂತ ದಾಖಲೆಗೆ ಬೇಕು, ಇಬ್ಬರೂ ಒಂದೊಂದು ಸಲ ತೋರಿಸಿ ಅಂದ ಚನ್ನವೀರ.

ಸಂಗಮೇಶ ಮೊದಲು ಬಂದ. ಕೈಗೆ ಸಿಕ್ಕ ದಪ್ಪ ಕೇಬಲ್ಲನ್ನು ಹೆಡ್ಡಿಗೂ ಕ್ಯಾಬಿನೆಟ್ಟಿಗೂ ಚುಚ್ಚಿದ. ಸ್ವಿಚ್ ಹಾಕಿದ. ಗಿಟಾರಿಗೆ ಉಳಿದ ಕೇಬಲ್ಲು ಚುಚ್ಚಿದ. ಧಡ್ ಅಂತ ಸ್ಪೀಕರು ಒದ್ದು ಗೋಡೆ ಅದುರಿತು. ಅವನೇ ಬೆಚ್ಚಿಬಿದ್ದ. ಸಾರಿ ಸಾರ್, ನಾನು ಡ್ರಮ್ಮಿನವನು ಅಂತ ಹಿಂದೆ ಸರಿದ.

ಎಲ್ಲ ಕಿತ್ತು ಮೊದಲಿನ ಹಾಗೆ ಇಟ್ಟರು. ಸೇತುರಾಮರಿಗೆಂದು ಇನ್ನೊಂದು ತೆಳು ಕೇಬಲ್ಲನ್ನು ಗಿಟಾರಿಗೆ ಚುಚ್ಚಿಟ್ಟರು. ಮೇಜಿನ ಮೇಲೆ ಮತ್ತೆ ಎರಡೇ. ಹೆಡ್ಡಿಗೂ ಕ್ಯಾಬಿನೆಟ್ಟಿಗೂ ಅವರು ಅದರಲ್ಲಿ ಯಾವುದನ್ನು ಆರಿಸುತ್ತಾರೆ ಎಂಬುದನ್ನಷ್ಟೇ ನೋಡಬೇಕಿತ್ತು.

ಸೇತುರಾಮ್ ಕೋಲನ್ನು ಗೋಡೆಗೆ ಒರಗಿಸಿದರು. ಅವರ ಬಲಗೈ ತಾನಾಗಿಯೇ ವಾಲ್ಯೂಮಿಗೆ ಹೋಗಿ ಅದನ್ನು ಸೊನ್ನೆಗಿಳಿಸಿತು. ಆಮೇಲೆ ಮೇಜಿನ ಕಡೆ ಬಂದರು. ದಪ್ಪ ಕೇಬಲ್ಲನ್ನು ಎತ್ತಿದರು. ಅವರು ಅದನ್ನು ಕೈಯಲ್ಲಿ ತೂಗಿ ನೋಡಿ, ಇದಲ್ಲ ಅನ್ನುವಂತೆ ಪಕ್ಕಕ್ಕಿಟ್ಟು, ತೆಳುವಾದದ್ದನ್ನು ತಗೊಂಡರು. ಹೆಡ್ಡಿಗೂ ಕ್ಯಾಬಿನೆಟ್ಟಿಗೂ ಚುಚ್ಚಿದರು. ಗೋಡೆಯ ಸ್ವಿಚ್ಚಿನ ಕಡೆ ಕೈ ಚಾಚಿದರು.

"ನಿಲ್ರಿ ಸರ," ಅಂದ ಚನ್ನವೀರ. "ಎರಡು ತಿಂಗಳಿಂದ ಇಲ್ಲಿಗೆ ಬಂದಿಲ್ಲ ಅಂದಿದ್ರಿ. ಆ ಸ್ವಿಚ್ಚಿನ ಮ್ಯಾಲೆ ಒಂದು ಹೆಬ್ಬೆರಳು ಸಿಕ್ಕದ. ಸಂಗಮೇಶಂದಲ್ಲ. ನಿಮ್ಮದೊಂದು ಕೊಡ್ರಿ, ನೋಡಿಬಿಡೂಣು."

ಸೇತುರಾಮರ ಕೈ ಗಾಳಿಯಲ್ಲೇ ನಿಂತಿತು. ಅವರು ಚೂಡಾಮಣಿಯ ಕಡೆ ನೋಡಿದರು. ಅವಳು ಮುಖ ತಿರುಗಿಸಲಿಲ್ಲ.

"ಬುಧವಾರವೂ ನೀವು ಇದನ್ನೇ ಮಾಡಿದ್ರಿ," ಅಂದಳು. "ವಾಲ್ಯೂಮ್ ಇಳಿಸಿದ್ರಿ. ನಿಮ್ಮ ಕಾಂಬೊದ ಕೇಬಲ್ ಕಿತ್ತು ಇಲ್ಲಿ ಚುಚ್ಚಿದ್ರಿ. ಭಾರ್ಗವ ಆಗಿದ್ರೆ ಹಾಗೆ ಮಾಡ್ತಿರಲಿಲ್ಲ. ನಾನು ಅವನಿಗೆ ಹೇಳ್ಕೊಟ್ಟಿದ್ದೆ."

ಸೇತುರಾಮ್ ಡ್ರಮ್ಮಿನ ಸ್ಟೂಲಿನ ಮೇಲೆ ಕುಸಿದರು. ಆಮೇಲೆ ಯಾರೂ ಏನೂ ಕೇಳಬೇಕಾಗಲಿಲ್ಲ.

ಮೂರು ಗಂಟೆಗೆ ಬನ್ನಿ ಸಾರ್, ಒಂದು ವಿಷಯ ಇದೆ ಅಂತ ಭಾರ್ಗವನೇ ಫೋನ್ ಮಾಡಿದ್ದ. ಸೊಂಟ ಹಿಡಿದುಕೊಂಡು ಆಟೋದಲ್ಲಿ ಬಂದರು. ಸಪ್ಪಲಮ್ಮ ಮೇಲೆ ಮಲಗಿದ್ದಳು. ಒಳಗೆ ಕಾಲಿಟ್ಟರೆ ತಮ್ಮ ಕಾಂಬೊ ಮೆಟ್ಟಿಲ ಕೆಳಗೆ, ಹರಕು ಬೆಡ್‌ಶೀಟಿನಡಿ. ಅದರ ಜಾಗದಲ್ಲಿ ಹೊಸ ಸೆಟ್ಟು. ಭಾರ್ಗವ ಅದರ ಮುಂದೆ ಬಗ್ಗಿ ಏನೋ ಒರೆಸುತ್ತಿದ್ದ. ಎದ್ದು ನಿಂತು ನಗುತ್ತ, "ಹೇಗಿದೆ ಸಾರ್?" ಅಂದ. ಜಾಗವನ್ನು ಕಿತ್ತುಕೊಂಡದ್ದಲ್ಲದೆ ಕರೆದು ತೋರಿಸಿ ಹಂಗಿಸುತ್ತಿದ್ದಾನೆ ಅನ್ನಿಸಿತು. ಅವನು ಮತ್ತೇನೋ ಹೇಳಲು ಬಾಯಿ ತೆರೆದ. ಕೇಳಿಸಿಕೊಳ್ಳಲಿಲ್ಲ. ಎರಡೂ ಕೈಯಿಂದ ತಳ್ಳಿದರು. ಅವನ ತಲೆ ಕ್ಯಾಬಿನೆಟ್ಟಿನ ಮೂಲೆಗೆ ಬಡಿಯಿತು.

ಕೂಗಿದರೂ ಏಳಲಿಲ್ಲ. ಸ್ವಲ್ಪ ಹೊತ್ತು ಕಾದರು. ಹೆಡ್ಡು ಅರ್ತ್ ಕೆಟ್ಟು ಚೂಡಾಮಣಿಯ ಹತ್ತಿರ ಹೋಗಿತ್ತು ಎಂಬುದನ್ನು, ಯಾರಿಗಾಗಿ ಎಂದು ಹೇಳದೆ, ಭಾರ್ಗವನೇ ಮೊದಲು ಹೇಳಿದ್ದ. ಕರೆಂಟು ಹೊಡೆಯಿತು ಅಂದರೆ ಯಾರೂ ಹೆಚ್ಚು ಕೆದಕುವುದಿಲ್ಲ ಅಂದುಕೊಂಡರು.

"ನನ್ನ ತಲೆಗೆ ಕಟ್ಟೋಕೆ ಮನಸ್ಸು ಬಂತಲ್ಲ ನಿಮಗೆ," ಅಂದಳು ಚೂಡಾಮಣಿ. "ಅಂಗಡಿಗೆ ಬಂದು, ಭುಜ ತಟ್ಟಿ, ಕೈ ಜಾರುತ್ತೆ ಅಂದ್ರಿ."

ಅವರು ತಲೆ ಎತ್ತಲಿಲ್ಲ. ಮೂವತ್ತೊಂದು ವರ್ಷ ನಿಂತ ಜಾಗ ಅದು, ನೀವೇ ಹೇಳಿ, ಅಂತ ಗೊಣಗಿದರು.

ಚೂಡಾಮಣಿ ಅವರ ತೋಳು ಹಿಡಿದು ಎಬ್ಬಿಸಿದಳು. ಹೊಸ ಹೆಡ್ಡಿನ ಮುಂದೆ ತಂದು ನಿಲ್ಲಿಸಿ, ಅವರ ಬೆರಳನ್ನು ಒಂದೊಂದೇ ಬಿಳೀ ಚುಕ್ಕೆಯ ಮೇಲೆ ಇಟ್ಟಳು.

"ಎಷ್ಟಿದೆ ನೋಡಿ."

ಸೇತುರಾಮ್ ಕಣ್ಣು ಕಿರಿದು ಮಾಡಿ ಬಗ್ಗಿದರು. ಮೊದಲನೆಯದನ್ನು ನೋಡಿದರು, ಎರಡನೆಯದನ್ನು ನೋಡಿದರು. ಮೂರನೆಯದರ ಮೇಲೆ ಬೆರಳನ್ನು ಹಾಗೇ ಇಟ್ಟುಕೊಂಡರು.

"ಇದು ನಂದು," ಅಂದರು.

"ನಿಮ್ಮದೇ. ನಿಮಗೇ ಅಂತ ತಂದಿದ್ದ. ನಾಳೆ ನಿಮ್ಮನ್ನ ಸ್ಟೇಜಿಗೆ ಹತ್ತಿಸಿ, ಅವನು ತಂಡ ಬಿಡೋನಿದ್ದ."

ಸಂಗಮೇಶ ಮುಖ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿದ. ಸೇತುರಾಮರ ಧ್ವನಿ ಹೊರಟಾಗ ಅದು ಅವರದು ಅನ್ನಿಸಲಿಲ್ಲ.

"ಹೇಳ್ಬಹುದಿತ್ತಲ್ಲ ಚೂಡಾ. ಒಂದು ಮಾತು ಹೇಳ್ಬಹುದಿತ್ತಲ್ಲ ಅವನು."

"ಹೇಳೋಕೆ ಬಿಟ್ರಾ ನೀವು?"

ಚನ್ನವೀರ ಪಂಚನಾಮೆ ಬರೆದ. ಚೂಡಾಮಣಿ ಮರಗಟ್ಟಿದ ಹೆಬ್ಬೆರಳಿನಿಂದಲೇ ಪೆನ್ನು ಹಿಡಿದು ಸಾಕ್ಷಿಯ ಜಾಗದಲ್ಲಿ ಸಹಿ ಹಾಕಿದಳು. ಆ ಸೆಟ್ಟು ಮುದ್ದೆಮಾಲಾಗಿ ಸ್ಟೇಷನ್ನಿಗೆ ಹೋಗಬೇಕಿತ್ತು. ಬಸಪ್ಪ ಹೆಡ್ಡನ್ನು ಚೀಲಕ್ಕೆ ಹಾಕಿ ಹೆಗಲಿಗೇರಿಸಿದ. ಅಷ್ಟು ದೊಡ್ಡ ಕ್ಯಾಬಿನೆಟ್ಟನ್ನು ಒಬ್ಬನೇ ಹೇಗೆ ಸಾಗಿಸುವುದು ಅಂತ ಸುತ್ತಲೂ ಒಮ್ಮೆ ನೋಡಿದ. ಹಿಂಬದಿಯ ಹಿಡಿ ಕಂಡಿತು. ಎಳೆದ. ಅದು ಸರಾಗವಾಗಿ ಸೊಂಟದ ಮಟ್ಟಕ್ಕೆ ಬಂದು ನಿಂತಿತು. ಚಕ್ರಗಳು ಸದ್ದಿಲ್ಲದೆ ಉರುಳಿದವು. ಗೋಡೆಗೆ ಒರಗಿ ನಿಂತಿದ್ದ ಸೇತುರಾಮರ ಮುಂದೆಯೇ ಅದನ್ನು ಬಾಗಿಲ ತನಕ ಎಳೆದುಕೊಂಡು ಹೋದ.

"ಯಾರು ಮಾಡ್ಸಿದ್ದೋ ಸಾರ್, ಚೆನ್ನಾಗಿ ಮಾಡ್ಸವ್ರೆ," ಅಂದ ಬಸಪ್ಪ, ಚನ್ನವೀರನ ಕಡೆ ತಿರುಗಿ. "ಸೊಂಟ ಬಗ್ಗಿಸೋದೇ ಬೇಡ."